ಆರ್‌ವಿಗೆ ಗ್ಯಾಸ್ ಫ್ರಿಜ್ ಸಾಕೇ, ಕಂಪ್ರೆಸರ್ ಫ್ರಿಜ್ ಬೇಕೇ? ಕೊಳ್ಳುವ ಮೊದಲು ಮಾಡಬೇಕಾದ ಲೆಕ್ಕ

ಅರಿಜೋನಾದ ಕೈಬಾಬ್ ಕಾಡಿನಲ್ಲಿ, ಗ್ರ್ಯಾಂಡ್ ಕ್ಯಾನಿಯನ್ನಿನ ಉತ್ತರ ಅಂಚಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ, ಅಡುಗೆಮನೆ, ಹಾಸಿಗೆ ಎಲ್ಲವೂ ಇರುವ ನಮ್ಮ ಆರ್‌ವಿ ಟ್ರೇಲರ್ ನಿಲ್ಲಿಸಿ ಎರಡು ರಾತ್ರಿ ಕಳೆದಿದ್ದವು. ಮೂರನೆಯ ದಿನ ಬೆಳಿಗ್ಗೆ ಫ್ರಿಜ್ಜಿನ ಬಾಗಿಲು ತೆಗೆದಾಗ ದೋಸೆ ಹಿಟ್ಟು ಡಬ್ಬಿಯ ಮುಚ್ಚಳವನ್ನು ಎತ್ತಿಕೊಂಡು ಹೊರಗಿಳಿದು, ಕೆಳಗಿನ ಅರೆಯಲ್ಲಿದ್ದ ಸೊಪ್ಪಿನ ಮೇಲೆ ಹರಡಿತ್ತು. ಸರಿಯಾಗಿ ತಣ್ಣಗಿರುವ ಫ್ರಿಜ್ಜಿನಲ್ಲಿ ಹಿಟ್ಟು ಹಾಗೆ ಉಬ್ಬುವುದಿಲ್ಲ. ಥರ್ಮಾಮೀಟರ್ ನೋಡುವ ಮೊದಲೇ ಒಳಗಿನ ಹಾಲು, ಮೊಸರು, ಪನೀರು ಎಲ್ಲವೂ ಹೋದವೆಂದು ಅರ್ಥವಾಯಿತು. ಗ್ಯಾಸ್ ಇತ್ತು, ಪ್ಯಾನೆಲ್ಲಿನ ದೀಪವೂ ಹಸಿರಾಗಿತ್ತು. ಆದರೆ ಗಾಡಿ ಒಂದು ಪಕ್ಕಕ್ಕೆ ವಾಲಿತ್ತು, ಮತ್ತು ನಾವಿದ್ದ ಜಾಗ ಸಮುದ್ರ ಮಟ್ಟದಿಂದ 8,000 ಅಡಿಗೂ ಮೇಲಿತ್ತು. ಗ್ಯಾಸ್ ಫ್ರಿಜ್ಜಿಗೆ ಈ ಎರಡೂ ಆಗಿಬರುವುದಿಲ್ಲ ಎಂಬುದನ್ನು ಅದಕ್ಕೂ ಮೊದಲು ನಮಗೆ ಯಾರೂ ಹೇಳಿರಲಿಲ್ಲ.

ಅಮೆರಿಕದಲ್ಲಿರುವ ನಮ್ಮ ಜನ ಹಳೆಯ ಟ್ರೇಲರನ್ನೋ ಮೋಟಾರ್‌ಹೋಮನ್ನೋ ಕೊಳ್ಳುವಾಗ ಹಾಸಿಗೆ, ಬಚ್ಚಲು, ಟೈರು ಎಲ್ಲವನ್ನೂ ನೋಡುತ್ತಾರೆ, ಫ್ರಿಜ್ಜಿನ ಬಾಗಿಲು ತೆರೆದು ಮುಚ್ಚಿ ಸುಮ್ಮನಾಗುತ್ತಾರೆ. ಆದರೆ ಹೋಟೆಲಿನ ಊಟಕ್ಕಿಂತ ಮನೆಯ ಅಡುಗೆಯನ್ನೇ ನೆಚ್ಚಿಕೊಂಡು ಹೊರಡುವ ಕುಟುಂಬಕ್ಕೆ ಇಡೀ ಗಾಡಿಯಲ್ಲಿ ಫ್ರಿಜ್ಜಿಗಿಂತ ಮುಖ್ಯವಾದ ಯಂತ್ರವಿಲ್ಲ. ಗ್ಯಾಸಿನ ಜ್ವಾಲೆಯಿಂದ ನಡೆಯುವ ಫ್ರಿಜ್ಜು, ಬ್ಯಾಟರಿಯ ಕರೆಂಟಿನಿಂದ ನಡೆಯುವ ಕಂಪ್ರೆಸರ್ ಫ್ರಿಜ್ಜು, ಈ ಎರಡು ಬಗೆಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ನಿಮ್ಮ ಗಾಡಿಯಲ್ಲಿ ಶಕ್ತಿಯನ್ನು ಯಾವ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತೀರಿ, ಸಿಲಿಂಡರಿನಲ್ಲೋ ಬ್ಯಾಟರಿಯಲ್ಲೋ ಎಂದು ಕೇಳಿಕೊಂಡರೆ ಸಿಗುತ್ತದೆ.

ಹಂತ 1: ಎಲ್ಲಿ ತಂಗುತ್ತೀರಿ ಎಂಬುದನ್ನು ಬರೆದಿಡಿ

ಕಳೆದ ಎರಡು ವರ್ಷಗಳಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ರಾತ್ರಿ ತಂಗಿದ್ದಿರಿ, ಮುಂದಿನ ವರ್ಷ ಎಲ್ಲಿಗೆ ಹೋಗುವ ಆಸೆಯಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿ ಜಾಗದ ಎದುರು ಕರೆಂಟ್ ಹುಕಪ್ (ಗಾಡಿಗೆ ಕರೆಂಟ್ ಜೋಡಿಸಿಕೊಳ್ಳುವ ಸೌಲಭ್ಯ) ಇತ್ತೇ, ನೆಲ ಸಮತಟ್ಟಾಗಿತ್ತೇ, ಮರದ ನೆರಳಿತ್ತೇ, ಎತ್ತರ ಎಷ್ಟು ಎಂಬ ನಾಲ್ಕು ವಿವರಗಳಿರಲಿ.

ಖಾಸಗಿ ಆರ್‌ವಿ ಪಾರ್ಕುಗಳಲ್ಲಿಯೇ ತಂಗುವವರಾದರೆ ಈ ಲೇಖನದ ಅರ್ಧ ಭಾಗ ನಿಮಗೆ ಬೇಕಾಗಿಲ್ಲ. ಕಂಬದಿಂದ 120 ವೋಲ್ಟ್ ಕರೆಂಟ್ ಬರುವಲ್ಲಿ ಎರಡೂ ಬಗೆಯ ಫ್ರಿಜ್‌ಗಳು ನಡೆಯುತ್ತವೆ, ಅವುಗಳಲ್ಲಿ ಬೇಗ ತಣ್ಣಗಾಗುವುದು ಮತ್ತು ವಾಲಿಕೆಗೆ ಅಂಜದಿರುವುದು ಕಂಪ್ರೆಸರ್ ಫ್ರಿಜ್ಜು. ಆದರೆ ರಾಷ್ಟ್ರೀಯ ಉದ್ಯಾನಗಳ ಕ್ಯಾಂಪ್‌ಗ್ರೌಂಡುಗಳಲ್ಲಿ ಹುಕಪ್ ಸಿಗುವುದು ಅಪರೂಪ. ಯೆಲ್ಲೋಸ್ಟೋನ್ ಉದ್ಯಾನದಲ್ಲಿ ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕನ್ನು ಬಿಟ್ಟರೆ ಬೇರೆಲ್ಲೂ ಹುಕಪ್ ಇಲ್ಲ. ಗ್ರ್ಯಾಂಡ್ ಕ್ಯಾನಿಯನ್ನಿನ ದಕ್ಷಿಣ ಅಂಚಿನಲ್ಲಿ ಟ್ರೇಲರ್ ವಿಲೇಜಿನಲ್ಲಿದೆ, ಪಕ್ಕದ ಮೇಥರ್ ಕ್ಯಾಂಪ್‌ಗ್ರೌಂಡಿನಲ್ಲಿಲ್ಲ. ಅಮೆರಿಕ ಸರ್ಕಾರದ ಭೂ ನಿರ್ವಹಣಾ ಬ್ಯೂರೋದ (ಬಿಎಲ್‌ಎಂ) ಬಯಲು ಜಾಗಗಳಲ್ಲಿ ಸಾಮಾನ್ಯವಾಗಿ 14 ದಿನಗಳವರೆಗೆ ಉಚಿತವಾಗಿ ಇರಬಹುದು, ಆದರೆ ಅಲ್ಲಿ ಕರೆಂಟೂ ಇಲ್ಲ, ನಲ್ಲಿಯೂ ಇಲ್ಲ. ನಿಮ್ಮ ಹಾಳೆಯಲ್ಲಿ ಇಂಥ ರಾತ್ರಿಗಳೇ ಹೆಚ್ಚಾಗಿದ್ದರೆ ಮುಂದೆ ಓದಿ.

ಹಂತ 2: ಎರಡೂ ಹೇಗೆ ತಣ್ಣಗೆ ಮಾಡುತ್ತವೆ ಎಂಬುದನ್ನು ತಿಳಿದುಕೊಳ್ಳಿ

ಬೆಂಕಿ ಹಚ್ಚಿ ತಂಪು ಮಾಡುವುದು ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ. ಸ್ಟಾಕ್‌ಹೋಮಿನ ತಾಂತ್ರಿಕ ವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಬಾಲ್ಟ್‌ಜರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ 1922ರಲ್ಲಿ ಈ ಫ್ರಿಜ್ಜನ್ನು ರೂಪಿಸಿದರು, 1925ರಲ್ಲಿ ಎಲೆಕ್ಟ್ರೋಲಕ್ಸ್ ಅದನ್ನು ಕೊಂಡುಕೊಂಡಿತು. ಇಂದಿನ ಆರ್‌ವಿ ಗ್ಯಾಸ್ ಫ್ರಿಜ್ಜಿನ ಬೆನ್ನಿಗೆ ಕಾಣುವ ಕಪ್ಪು ಕೊಳವೆಗಳ ಒಳಗೆ ನಡೆಯುವುದು ಬಹುಮಟ್ಟಿಗೆ ಅದೇ ಕೆಲಸ.

ಆ ಕೊಳವೆಗಳಲ್ಲಿ ಅಮೋನಿಯಾ, ನೀರು ಮತ್ತು ಜಲಜನಕವನ್ನು ತುಂಬಿ ಶಾಶ್ವತವಾಗಿ ಬೆಸೆದಿರುತ್ತಾರೆ. ಕೆಳಗೆ ಪುಟ್ಟ ಜ್ವಾಲೆಯೊಂದು ಅಮೋನಿಯಾ ಬೆರೆತ ನೀರನ್ನು ಕುದಿಸುತ್ತದೆ. ಮೇಲೆದ್ದ ಅಮೋನಿಯಾ ಆವಿ ಮೇಲ್ಭಾಗದ ರೆಕ್ಕೆಗಳಲ್ಲಿ ಶಾಖ ಕಳೆದುಕೊಂಡು ದ್ರವವಾಗುತ್ತದೆ. ಆ ದ್ರವ ಫ್ರಿಜ್ಜಿನ ಒಳಗೋಡೆಯ ಹಿಂದಿನ ಕೊಳವೆಗೆ ಇಳಿದು ಜಲಜನಕದ ನಡುವೆ ಸೇರಿದಾಗ ಅದರ ಪಾಲಿನ ಒತ್ತಡ ಕುಸಿಯುತ್ತದೆ, ಆಗ ಅದು ಕಡಿಮೆ ಉಷ್ಣತೆಯಲ್ಲಿಯೇ ಆವಿಯಾಗುತ್ತ ಸುತ್ತಲಿನ ಶಾಖವನ್ನು ಎಳೆದುಕೊಳ್ಳುತ್ತದೆ. ಮಡಕೆಯ ಮೈಯಿಂದ ನೀರು ಆರುತ್ತಾ ಒಳಗಿನ ನೀರು ತಣ್ಣಗಾಗುವುದಕ್ಕೂ ಕಾರಣ ಇದೇ. ಆವಿ ಕೆಳಗಿಳಿದು ಮತ್ತೆ ನೀರಿನಲ್ಲಿ ಕರಗುತ್ತದೆ, ಹಗುರವಾದ ಜಲಜನಕ ಮೇಲೇರುತ್ತದೆ, ಸುತ್ತು ಮತ್ತೆ ಆರಂಭವಾಗುತ್ತದೆ. ಇಡೀ ವ್ಯವಸ್ಥೆಯಲ್ಲಿ ತಿರುಗುವ ಒಂದು ಭಾಗವೂ ಇಲ್ಲ, ಹಾಗಾಗಿ ಸದ್ದೂ ಇಲ್ಲ.

ಈ ವಿವರ ಬರೀ ಕುತೂಹಲಕ್ಕಲ್ಲ. ದ್ರವವನ್ನು ಹಿಂದಕ್ಕೆ ತರಲು ಪಂಪ್ ಇಲ್ಲ, ಅದು ಇಳಿಜಾರಿನಲ್ಲಿ ತಾನಾಗಿಯೇ ಹರಿಯಬೇಕು. ಗಾಡಿ ವಾಲಿದರೆ ದ್ರವ ಒಂದು ಕಡೆ ಕಟ್ಟಿನಿಂತು, ಬಾಯ್ಲರಿಗೆ ನೀರು ಬಾರದೆ ಅದು ಬರಿದಾಗಿ ಕಾಯುತ್ತದೆ. ಕೊಳವೆಗೆ ತುಕ್ಕು ಹಿಡಿಯದಂತೆ ಸೇರಿಸಿರುವ ಸೋಡಿಯಂ ಕ್ರೋಮೇಟ್ ಆ ಅತಿ ಶಾಖಕ್ಕೆ ಹರಳುಗಟ್ಟಿ ದಾರಿಯನ್ನು ಕಟ್ಟುತ್ತದೆ. ಹಾಗೆ ಆದ ಹಾನಿ ಗಾಡಿಯನ್ನು ಮತ್ತೆ ನೇರ ನಿಲ್ಲಿಸಿದರೂ ಹೋಗುವುದಿಲ್ಲ, ಪ್ರತಿ ಸಲವೂ ಸ್ವಲ್ಪ ಸ್ವಲ್ಪವಾಗಿ ಕೂಡುತ್ತ ಹೋಗುತ್ತದೆ.

ಕಂಪ್ರೆಸರ್ ಫ್ರಿಜ್ಜು ನಮ್ಮ ಮನೆಯ ಫ್ರಿಜ್ಜಿನ ತಮ್ಮ. ಪುಟ್ಟ ಮೋಟರು ಅನಿಲವನ್ನು ಒತ್ತಿ ಸುತ್ತಿಸುತ್ತದೆ, ಬ್ಯಾಟರಿಯ 12 ವೋಲ್ಟಿನಿಂದ ನೇರವಾಗಿ ನಡೆಯುತ್ತದೆ, ಪ್ರಯಾಣದಲ್ಲಿ ಬರುವ ಸಾಮಾನ್ಯ ವಾಲಿಕೆಯನ್ನು ಲೆಕ್ಕಿಸುವುದಿಲ್ಲ. ಖಾಲಿ ಫ್ರಿಜ್ಜು ಎರಡು ಮೂರು ಗಂಟೆಗಳಲ್ಲಿ ತಣ್ಣಗಾಗುತ್ತದೆ. ಗ್ಯಾಸ್ ಫ್ರಿಜ್ಜನ್ನಾದರೆ ಹಿಂದಿನ ರಾತ್ರಿಯೇ ಹಚ್ಚಿಡಬೇಕು.

ಹಂತ 3: ಸಿಲಿಂಡರಿನ ಲೆಕ್ಕ

ಆರರಿಂದ ಎಂಟು ಘನ ಅಡಿಯ ಗ್ಯಾಸ್ ಫ್ರಿಜ್ಜಿನ ಜ್ವಾಲೆ ಗಂಟೆಗೆ ಸುಮಾರು 1,500 ಬಿಟಿಯು (ಅಮೆರಿಕದಲ್ಲಿ ಬಳಸುವ ಶಾಖದ ಅಳತೆ) ಶಾಖ ಕೊಡುತ್ತದೆ. ದಿನವಿಡೀ ಉರಿದರೆ 36,000 ಬಿಟಿಯು. ಒಂದು ಪೌಂಡ್ ಪ್ರೋಪೇನಿನಲ್ಲಿ 21,600 ಬಿಟಿಯು ಇರುವುದರಿಂದ ದಿನಕ್ಕೆ ಹೆಚ್ಚೆಂದರೆ ಒಂದೂ ಮುಕ್ಕಾಲು ಪೌಂಡಿನೊಳಗೆ ಮುಗಿಯುತ್ತದೆ. ಬಾರ್ಬೆಕ್ಯೂಗೆ ಬಳಸುವ 20 ಪೌಂಡಿನ ಸಿಲಿಂಡರ್ ಫ್ರಿಜ್ಜೊಂದಕ್ಕೇ ಆದರೆ ಹನ್ನೆರಡು ದಿನಗಳಾದರೂ ಬರುತ್ತದೆ, ಜ್ವಾಲೆ ಆಗಾಗ ಆರಿ ಹತ್ತುವುದರಿಂದ ತಂಪು ಹವೆಯಲ್ಲಿ ಅದಕ್ಕಿಂತಲೂ ಹೆಚ್ಚು.

ಗ್ಯಾಸ್ ಫ್ರಿಜ್ಜು ಶಕ್ತಿಯನ್ನು ದಂಡ ಮಾಡುತ್ತದೆ ಎಂಬುದು ನಿಜ. 36,000 ಬಿಟಿಯು ಎಂದರೆ ಸುಮಾರು 10.5 ಯೂನಿಟ್ (ಕಿಲೋವಾಟ್-ಅವರ್) ಶಾಖ, ಅದೇ ಕೆಲಸವನ್ನು ಕಂಪ್ರೆಸರ್ ಒಂದು ಯೂನಿಟ್ ಕರೆಂಟಿನ ಆಸುಪಾಸಿನಲ್ಲಿ ಮುಗಿಸುತ್ತದೆ. ಆದರೂ ಅದನ್ನು ಹೀಗಳೆಯುವ ಮೊದಲು ಇನ್ನೊಂದು ಲೆಕ್ಕ ನೋಡಿ. ಆ ಒಂದು ಸಿಲಿಂಡರಿನಲ್ಲಿರುವ ಶಾಖ ಸುಮಾರು 126 ಯೂನಿಟ್, 100 ಆಂಪ್-ಅವರ್ (ಒಂದು ಆಂಪ್‌ನಂತೆ ನೂರು ಗಂಟೆ ಕೊಡುವ) ಲಿಥಿಯಂ ಬ್ಯಾಟರಿಯಲ್ಲಿರುವುದು 1.28 ಯೂನಿಟ್. ಅಂದರೆ ಕೂಡಿಟ್ಟ ಶಕ್ತಿಯ ಲೆಕ್ಕದಲ್ಲಿ ಕೈಯಲ್ಲಿ ಎತ್ತಿ ತರಬಹುದಾದ ಸಿಲಿಂಡರಿಗೆ ನೂರು ಬ್ಯಾಟರಿ ಸಮ. ಬಿಸಿಲು ಬೀಳದ ಕಾಡಿನಲ್ಲಿ ಎರಡು ವಾರ ಇರಬೇಕಾದವರಿಗೆ ಗ್ಯಾಸ್ ಫ್ರಿಜ್ಜು ಇಂದಿಗೂ ಬಿಡಲಾರದ ಸಂಗಾತಿಯಾಗಿರುವುದು ಇದರಿಂದಲೇ.

ಒಂದು ಎಚ್ಚರಿಕೆ: ಗ್ಯಾಸಿನಲ್ಲಿ ನಡೆಯುವಾಗಲೂ ಅದರ ಕಂಟ್ರೋಲ್ ಬೋರ್ಡಿಗೆ ಬ್ಯಾಟರಿಯಿಂದ ಸ್ವಲ್ಪ ಕರೆಂಟ್ ಬೇಕು. ಬ್ಯಾಟರಿ ಪೂರ್ತಿ ಇಳಿದರೆ ಸಿಲಿಂಡರ್ ತುಂಬಿದ್ದರೂ ಫ್ರಿಜ್ಜು ಆರುತ್ತದೆ. ‘ತ್ರೀ-ವೇ’ ಎಂದು ಮಾರುವ ಫ್ರಿಜ್‌ಗಳಲ್ಲಿರುವ 12 ವೋಲ್ಟಿನ ಆಯ್ಕೆಯನ್ನು ಕಂಪ್ರೆಸರಿಗೆ ಸಮವೆಂದು ಯಾರೂ ತಿಳಿಯಬಾರದು. ಅಲ್ಲಿ ಜ್ವಾಲೆಯ ಬದಲು ಒಂದು ಹೀಟರ್ ಕಾಯುತ್ತದೆ, ಅಷ್ಟೇ. 175 ವಾಟಿನ ಹೀಟರಾದರೆ ಹದಿನಾಲ್ಕು ಆಂಪಿಗೂ ಹೆಚ್ಚು ಎಳೆದು, 100 ಆಂಪ್-ಅವರ್ ಬ್ಯಾಟರಿಯನ್ನು ಏಳು ಗಂಟೆಗಳಲ್ಲಿ ಬರಿದು ಮಾಡುತ್ತದೆ. ಅದಿರುವುದು ಗಾಡಿ ಓಡುತ್ತಿರುವಾಗ ಬಳಸಲಿಕ್ಕೆ ಮಾತ್ರ.

ಹಂತ 4: ಬ್ಯಾಟರಿಯ ಲೆಕ್ಕ

ಮಧ್ಯಮ ಗಾತ್ರದ 12 ವೋಲ್ಟ್ ಕಂಪ್ರೆಸರ್ ನಡೆಯುವಾಗ ಐದು ಆಂಪ್ ಎಳೆಯುತ್ತದೆ, ದಿನದ ಅರ್ಧ ಹೊತ್ತು ನಡೆಯುತ್ತದೆ ಎಂದಿಟ್ಟುಕೊಳ್ಳಿ. ಐದನ್ನು ಹನ್ನೆರಡರಿಂದ ಗುಣಿಸಿದರೆ ದಿನಕ್ಕೆ 60 ಆಂಪ್-ಅವರ್. ಬೇಸಗೆಯ ಸೆಕೆಯಲ್ಲಿ ಅದು ದಿನದ ಮುಕ್ಕಾಲು ಪಾಲು ನಡೆದರೆ 90. ನಿಮ್ಮ ಮಾದರಿಯ ನಿಜವಾದ ಅಂಕಿಯನ್ನು ತಿಳಿಯಲು ಬ್ಯಾಟರಿಗೆ ಶಂಟ್ (ಹರಿಯುವ ಕರೆಂಟನ್ನು ಅಳೆಯುವ ಭಾಗ) ಇರುವ ಮಾನಿಟರ್ ಜೋಡಿಸಿ 24 ಗಂಟೆ ಅಳೆಯುವುದು ಎಲ್ಲಕ್ಕಿಂತ ಒಳ್ಳೆಯದು. ಜಾಹೀರಾತಿನ ಅಂಕಿ ತಂಪು ಕೋಣೆಯದ್ದಾಗಿರಬಹುದು.

ಇದರ ಮೇಲೆ ದೀಪ, ನೀರಿನ ಪಂಪು, ಫೋನು, ಚಳಿಗಾಲದಲ್ಲಿ ಫರ್ನೇಸಿನ ಫ್ಯಾನು ಸೇರಿ ದಿನಕ್ಕೆ 100 ಆಂಪ್-ಅವರ್ ಆಗುವುದು ಸುಲಭ. ಸೀಸ-ಆಮ್ಲದ 100 ಆಂಪ್-ಅವರ್ ಬ್ಯಾಟರಿಯಲ್ಲಿ ಅದರ ಆಯಸ್ಸು ಕೆಡದಂತೆ ಬಳಸಬಹುದಾದದ್ದು ಅರ್ಧ ಮಾತ್ರ. ಹೊಸ ಟ್ರೇಲರುಗಳು ಈಚಿನ ವರ್ಷಗಳಲ್ಲಿ ಕಾರ್ಖಾನೆಯಿಂದಲೇ ಕಂಪ್ರೆಸರ್ ಫ್ರಿಜ್ಜಿನೊಂದಿಗೆ ಬರುತ್ತಿವೆ, ಆದರೆ ಮಾರಾಟಗಾರರು ಎಷ್ಟೋ ಸಲ ಅದಕ್ಕೆ ಇಂಥ ಒಂದೇ ಬ್ಯಾಟರಿ ಕೂರಿಸಿ ಕೊಡುತ್ತಾರೆ. ಹುಕಪ್ ಇಲ್ಲದ ಮೊದಲ ರಾತ್ರಿ ಕಳೆಯುವಷ್ಟರಲ್ಲಿ ಆ ಕುಟುಂಬಕ್ಕೆ ಕತ್ತಲೆಯಲ್ಲಿ ಎಚ್ಚರವಾಗುತ್ತದೆ. ಹೊಸ ಗಾಡಿ ಕೊಳ್ಳುವವರು ಸಹಿ ಹಾಕುವ ಮೊದಲು ಬ್ಯಾಟರಿಯ ಬಗೆ ಮತ್ತು ಸಾಮರ್ಥ್ಯವನ್ನು ಕಾಗದದಲ್ಲಿ ಬರೆಸಿಕೊಳ್ಳಬೇಕು.

ಸೌರಫಲಕದ ಲೆಕ್ಕವನ್ನೂ ಕಟ್ಟುನಿಟ್ಟಾಗಿಯೇ ಮಾಡಿ. ಚಾವಣಿಯ ಮೇಲೆ ಮಟ್ಟಸವಾಗಿ ಮಲಗಿಸಿದ 200 ವಾಟ್ ಫಲಕಕ್ಕೆ ಐದು ಗಂಟೆಯ ಒಳ್ಳೆಯ ಬಿಸಿಲು ಬಿದ್ದು, ನೂರರಲ್ಲಿ ಎಪ್ಪತ್ತು ಪಾಲು ಕೈಗೆ ಬಂದರೆ 700 ವಾಟ್-ಅವರ್. ಫ್ರಿಜ್ಜಿನ 60 ಆಂಪ್-ಅವರಿಗೇ 770 ವಾಟ್-ಅವರ್ ಬೇಕು. ಆದ್ದರಿಂದ ಹುಕಪ್ ಇಲ್ಲದೆ ನಾಲ್ಕೈದು ದಿನ ಇರಬಯಸುವ ಕುಟುಂಬಕ್ಕೆ ನಾನು ಹೇಳುವುದು 200 ಆಂಪ್-ಅವರ್ ಲಿಥಿಯಂ ಬ್ಯಾಟರಿ ಮತ್ತು 400 ವಾಟ್ ಫಲಕ, ಇದಕ್ಕಿಂತ ಕಡಿಮೆ ಬೇಡ. ದಟ್ಟ ಪೈನ್ ಮರಗಳ ಕೆಳಗೆ ಈ ಲೆಕ್ಕ ಮುರಿದುಬೀಳುತ್ತದೆ. ಗಾಡಿಯನ್ನು ನೆರಳಿನಲ್ಲಿಟ್ಟು, ಉದ್ದನೆಯ ತಂತಿಯಿರುವ ಮಡಚುವ ಫಲಕವನ್ನು ಬಿಸಿಲಿಗೆ ಹರಡಿದರೆ ಸ್ವಲ್ಪ ಸಾವರಿಸಬಹುದು. ಲಿಥಿಯಂ ಬ್ಯಾಟರಿಯನ್ನು 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜ್ ಮಾಡಬಾರದು, ಹಾಗಾಗಿ ಹಿಮ ಬೀಳುವ ಕಡೆ ಹೋಗುವವರು ಅದನ್ನು ಗಾಡಿಯ ಒಳಗೇ ಇಡಲಿ.

ಓಡುವಾಗ ಎಂಜಿನ್ ಚಾರ್ಜ್ ಮಾಡುತ್ತದಲ್ಲ ಎನ್ನುವವರಿಗೆ ಒಂದು ಮಾತು. ಟ್ರೇಲರಿನ ಏಳು ಪಿನ್ನಿನ ಪ್ಲಗ್ಗಿನ ಮೂಲಕ ಉದ್ದನೆಯ ತೆಳು ತಂತಿಯಲ್ಲಿ ಬರುವ ಕರೆಂಟು ಫ್ರಿಜ್ಜನ್ನು ತೂಗಿಸಿದರೆ ಅದೇ ಹೆಚ್ಚು. ನಿಜವಾಗಿ ಚಾರ್ಜ್ ಆಗಬೇಕಾದರೆ ಎಂಜಿನ್ನಿನ ಕರೆಂಟನ್ನು ಬ್ಯಾಟರಿಗೆ ತಕ್ಕ ವೋಲ್ಟೇಜಿಗೆ ಹೊಂದಿಸುವ ಡಿಸಿ-ಡಿಸಿ ಚಾರ್ಜರ್ ಮತ್ತು ಅದಕ್ಕೆ ತಕ್ಕ ದಪ್ಪ ತಂತಿ ಬೇಕು.

ಹಂತ 5: ವಾಲಿಕೆ, ಎತ್ತರ, ಬಿಸಿಲು

ಗ್ಯಾಸ್ ಫ್ರಿಜ್ಜನ್ನು ಉಳಿಸಿಕೊಳ್ಳುವವರು ಈ ಮೂರನ್ನೂ ಅಭ್ಯಾಸ ಮಾಡಿಕೊಳ್ಳಲೇಬೇಕು. ಫ್ರಿಜ್ಜಿಗೆ ಎದುರಾಗಿ ನಿಂತಾಗ ಎಡ-ಬಲಕ್ಕೆ 3 ಡಿಗ್ರಿ, ಹಿಂದೆ-ಮುಂದೆ 6 ಡಿಗ್ರಿಗಿಂತ ಹೆಚ್ಚು ವಾಲಬಾರದು ಎಂಬುದು ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಮಿತಿ. ಫ್ರಿಜ್ಜು ಗಾಡಿಯ ಪಕ್ಕದ ಗೋಡೆಗೆ ಇರುವುದರಿಂದ ಫ್ರಿಜ್ಜಿನ ಎಡ-ಬಲವೆಂದರೆ ಗಾಡಿಯ ಹಿಂದೆ-ಮುಂದೆ ಎಂಬುದನ್ನು ಮರೆಯಬೇಡಿ. ಅಂದರೆ ಟ್ರೇಲರಿನ ಮೂತಿಯ ಜಾಕ್ ಎಷ್ಟು ಎತ್ತಿದ್ದೀರಿ ಎಂಬುದೇ ಕಟ್ಟುನಿಟ್ಟಿನ ಅಳತೆ. ಬಡಗಿಯ ರಸಮಟ್ಟವನ್ನು ಫ್ರೀಜರಿನ ನೆಲದ ಮೇಲೆ ಎರಡು ದಿಕ್ಕಿಗೂ ಇಟ್ಟು ನೋಡಿ. ಹಾಗೆ ನೋಡಿದ ಮೇಲೆಯೇ ಒಲೆ ಹಚ್ಚುವುದು ಈಗ ನಮ್ಮ ಮನೆಯ ಪದ್ಧತಿಯಾಗಿದೆ. ಓಡುವಾಗ ಗಾಡಿ ಕುಲುಕುವುದರಿಂದ ದ್ರವ ಒಂದೆಡೆ ನಿಲ್ಲುವುದಿಲ್ಲ, ತೊಂದರೆ ಬರುವುದು ನಿಂತಾಗ.

5,500 ಅಡಿಗಿಂತ ಮೇಲೆ ಗಾಳಿ ವಿರಳವಾಗಿ ಜ್ವಾಲೆ ಕ್ಷೀಣಿಸಬಹುದು ಅಥವಾ ಆರಬಹುದು. ಯೆಲ್ಲೋಸ್ಟೋನ್ ಸರೋವರದ ದಡವೇ 7,700 ಅಡಿಯ ಮೇಲಿದೆ, ಬ್ರೈಸ್ ಕ್ಯಾನಿಯನ್ನಿನ ಅಂಚು 8,000 ಅಡಿ ದಾಟುತ್ತದೆ. ಪಶ್ಚಿಮದ ಉದ್ಯಾನಗಳನ್ನೇ ಬಯಸುವವರು ಈ ಅಂಶಕ್ಕೆ ಹೆಚ್ಚಿನ ತೂಕ ಕೊಡಬೇಕು. ಹಾಗೆಯೇ ಹೊರಗಿನ ಬಿಸಿ 38 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಹಿಂಬದಿಯ ರೆಕ್ಕೆಗಳು ಶಾಖ ಬಿಡಲಾರದೆ ಫ್ರಿಜ್ಜು ಸೋಲುತ್ತದೆ. ಫ್ರಿಜ್ಜಿರುವ ಪಕ್ಕ ಪಡುವಣ ಬಿಸಿಲಿಗೆ ಬೀಳದಂತೆ ಗಾಡಿ ನಿಲ್ಲಿಸಿ, ಹಿಂಬದಿಯ ಗೂಡಿನಲ್ಲಿ ಗಾಳಿಯನ್ನು ಮೇಲಕ್ಕೆ ದೂಡುವ ಪುಟ್ಟ ಫ್ಯಾನ್ ಹಾಕಿಸಿದರೆ ಕೆಲವು ಡಿಗ್ರಿ ಲಾಭವಾಗುತ್ತದೆ.

ಪೆಟ್ರೋಲ್ ಬಂಕಿಗೆ ತಿರುಗುವ ಮೊದಲು ಜ್ವಾಲೆಯನ್ನು ಆರಿಸಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಹಂತ 6: ಈಗಿರುವ ಫ್ರಿಜ್ಜಿನ ಬೆನ್ನು ನೋಡಿ

ಹಳೆಯ ಗಾಡಿ ಕೊಳ್ಳುವಾಗ ಹೊರಗಿನಿಂದ ಕೆಳಗಿನ ಜಾಲರಿಯನ್ನು ಬಿಚ್ಚಿ, ಟಾರ್ಚ್ ಹಿಡಿದು ನೋಡಿ. ಕೊಳವೆಗಳ ಮೇಲೆ ಅರಿಸಿನದಂಥ ಹಳದಿ ಪುಡಿ ಅಥವಾ ಕಲೆ ಕಂಡರೆ ಅದು ಸೋರಿದ ಸೋಡಿಯಂ ಕ್ರೋಮೇಟ್. ಆ ವಸ್ತು ವಿಷಕಾರಿ, ಬರಿಗೈಯಲ್ಲಿ ಮುಟ್ಟಬೇಡಿ. ಅದರೊಂದಿಗೆ ಅಮೋನಿಯಾದ ಘಾಟೂ ಬಂದರೆ ಕೂಲಿಂಗ್ ಯೂನಿಟ್, ಅಂದರೆ ಬೆಸೆದ ಆ ಕೊಳವೆಗಳ ಜೋಡಣೆ, ಮುಗಿದಿದೆ ಎಂದೇ ತಿಳಿದು, ಯಾವ ಕಾರಣಕ್ಕೂ ಮತ್ತೆ ಹಚ್ಚಬೇಡಿ, ಏಕೆಂದರೆ ಬಿರುಕಿನಿಂದ ಹೊರಬರುವ ಜಲಜನಕ ಜ್ವಾಲೆಯ ಪಕ್ಕದಲ್ಲಿಯೇ ಇರುತ್ತದೆ. ಬಾಯ್ಲರ್ ಬಿರುಕಿನಿಂದ ಬೆಂಕಿ ಹೊತ್ತಿಕೊಂಡ ಕಾರಣಕ್ಕೆ ಹಿಂದೆ ದೊಡ್ಡ ರೀಕಾಲ್‌ಗಳು (ದೋಷ ಸರಿಪಡಿಸಲು ತಯಾರಕರೇ ಹಿಂದಕ್ಕೆ ಕರೆಸುವುದು) ನಡೆದಿವೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತದ ಜಾಲತಾಣದಲ್ಲಿ ಗಾಡಿಯ ರೀಕಾಲ್‌ಗಳನ್ನು ಹುಡುಕಿ, ಜೊತೆಗೆ ಫ್ರಿಜ್ಜಿನ ಮಾದರಿ ಸಂಖ್ಯೆಯನ್ನು ತಯಾರಕರಲ್ಲಿಯೂ ವಿಚಾರಿಸಿ.

ಹಳದಿ ಕಲೆಯಿಲ್ಲ, ಘಾಟಿಲ್ಲ, ಆದರೂ ತಣ್ಣಗಾಗುತ್ತಿಲ್ಲವೆಂದರೆ ನಿರಾಶರಾಗಬೇಡಿ. ಜೇಡಗಳೂ ಕುಂಬಾರ ಹುಳುಗಳೂ ಬರ್ನರಿನ ಕೊಳವೆಯಲ್ಲಿ ಬಲೆ ಹೆಣೆಯುವುದು, ಮಣ್ಣಿನ ಗೂಡು ಕಟ್ಟುವುದು ಬಹಳ ಸಾಮಾನ್ಯ. ನೀಲಿಯಾಗಿ ನೆಟ್ಟಗೆ ಉರಿಯಬೇಕಾದ ಜ್ವಾಲೆ ಹಳದಿಯಾಗಿ ನಾಲಗೆ ಚಾಚುತ್ತಿದ್ದರೆ ಮೊದಲು ಬರ್ನರ್ ಶುಚಿ ಮಾಡಿಸಿ. ಕೂಲಿಂಗ್ ಯೂನಿಟ್ ಒಂದೇ ಹಾಳಾಗಿದ್ದರೆ ಅದನ್ನು ಮಾತ್ರ ಬದಲಿಸಬಹುದು, ಅದೇ ಪೆಟ್ಟಿಗೆಯ ಬೆನ್ನಿಗೆ ಕಂಪ್ರೆಸರ್ ಕೂರಿಸುವ ಕಿಟ್‌ಗಳೂ ಸಿಗುತ್ತವೆ. ಬಾಗಿಲು, ಒಳಗಿನ ಅರೆಗಳು ಚೆನ್ನಾಗಿದ್ದರೆ ಇದು ಯೋಚಿಸಬೇಕಾದ ದಾರಿ.

ಹಂತ 7: ಬದಲಿಸುವುದೇ ಆದರೆ

ಹೊಸ ಕಂಪ್ರೆಸರ್ ಫ್ರಿಜ್ಜಿನ ಅಗಲ, ಎತ್ತರ, ಆಳವನ್ನು ಗೂಡಿನ ಅಳತೆಗೆ ಮಾತ್ರವಲ್ಲ, ಗಾಡಿಯ ಬಾಗಿಲಿನ ಅಗಲಕ್ಕೂ ಹೋಲಿಸಿ ನೋಡಿ. ಗ್ಯಾಸ್ ಪೈಪನ್ನು ಕವಾಟದ ಬಳಿ ಸುಮ್ಮನೆ ಮಡಚಿ ಬಿಡಬಾರದು. ಅದಕ್ಕೆ ಸರಿಹೊಂದುವ ಫ್ಲೇರ್ ಮುಚ್ಚಳ ಬಿಗಿದು, ಸಾಬೂನು ನೀರು ಹಚ್ಚಿ ಗುಳ್ಳೆ ಬರುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಇದನ್ನು ಪರವಾನಗಿ ಇರುವ ಕೆಲಸಗಾರನಿಂದಲೇ ಮಾಡಿಸಿ.

ಎಲ್ಲರೂ ಎಡವುವುದು ತಂತಿಯಲ್ಲಿ. ಗ್ಯಾಸ್ ಫ್ರಿಜ್ಜಿನ ಬೋರ್ಡಿಗೆ ಎಳೆದಿದ್ದ ತಂತಿ 16 ಗೇಜಿನಂತೆ ತೆಳುವಾಗಿರಬಹುದು. ಬ್ಯಾಟರಿಯಿಂದ ಫ್ರಿಜ್ಜಿಗೆ 20 ಅಡಿ ಇದ್ದರೆ ಹೋಗಿ ಬರುವ ದಾರಿ 40 ಅಡಿ. 16 ಗೇಜ್ ತಾಮ್ರದಲ್ಲಿ ಅದರ ತಡೆ ಸುಮಾರು 0.16 ಓಮ್. ದೊಡ್ಡ ಫ್ರಿಜ್ಜಿನ ಕಂಪ್ರೆಸರ್ 10 ಆಂಪ್ ಎಳೆದ ಕ್ಷಣ 1.6 ವೋಲ್ಟ್ ದಾರಿಯಲ್ಲಿಯೇ ಸೋರಿಹೋಗುತ್ತದೆ. ಬ್ಯಾಟರಿಯಲ್ಲಿ 12.2 ಇದ್ದರೂ ಫ್ರಿಜ್ಜಿಗೆ ಸಿಗುವುದು 10.6, ಆಗ ಅದರೊಳಗಿನ ಬ್ಯಾಟರಿ ರಕ್ಷಣೆ ಎಚ್ಚೆತ್ತು ಮೋಟರನ್ನು ನಿಲ್ಲಿಸಬಹುದು. ಮೋಟರು ನಿಂತೊಡನೆ ವೋಲ್ಟೇಜ್ ಏರುತ್ತದೆ, ಮತ್ತೆ ಹೊರಡುತ್ತದೆ, ಮತ್ತೆ ನಿಲ್ಲುತ್ತದೆ. ಫ್ರಿಜ್ಜು ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸುವವರಲ್ಲಿ ಎಷ್ಟೋ ಮಂದಿಗೆ ಬೇಕಿದ್ದುದು 10 ಗೇಜಿನ ದಪ್ಪ ತಂತಿ ಮಾತ್ರ (ಗೇಜ್ ಸಂಖ್ಯೆ ಇಳಿದಷ್ಟೂ ತಂತಿ ದಪ್ಪ). ಅದೇ ದೂರಕ್ಕೆ ಅದು ಕಳೆಯುವುದು 0.4 ವೋಲ್ಟ್. ಹೊಸ ತಂತಿಗೆ ಬ್ಯಾಟರಿಯ ಹತ್ತಿರವೇ ತಕ್ಕ ಫ್ಯೂಸ್ ಇರಲಿ.

ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವಾಗ ಕಂಪ್ರೆಸರ್ ಫ್ರಿಜ್ಜನ್ನು ಆರಿಸಿ, ಒರೆಸಿ, ಬಾಗಿಲನ್ನು ಸ್ವಲ್ಪ ತೆರೆದಿಡಿ. ಮರೆತರೆ ಬ್ಯಾಟರಿಯೂ ಹೋಗುತ್ತದೆ, ಒಳಗೆ ಬೂಷ್ಟೂ ಹಿಡಿಯುತ್ತದೆ.

ಹಂತ 8: ಹೊರಡುವ ಮೊದಲಿನ ದಿನ

ಯಾವ ಬಗೆಯದನ್ನು ಆರಿಸಿದರೂ ಮನೆಯ ಮುಂದೆಯೇ, ಕರೆಂಟ್ ತಂತಿ ಜೋಡಿಸದೆ, ಒಂದು ಪೂರ್ತಿ ಹಗಲು ರಾತ್ರಿ ಪರೀಕ್ಷಿಸಿ. ಮನೆಯ ಫ್ರಿಜ್ಜಿನಲ್ಲಿ ಮೊದಲೇ ತಣ್ಣಗಾದ ಪದಾರ್ಥಗಳನ್ನೇ ತುಂಬಿ, ಗಾಳಿ ಆಡಲು ಎಡೆ ಬಿಡಿ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಅದ್ದಿ ನಡುವಿನ ಅರೆಯಲ್ಲಿಡಿ. ಬಾಗಿಲು ತೆರೆದಾಗಲೆಲ್ಲ ಗಾಳಿಯ ಉಷ್ಣತೆ ಏರಿಳಿಯುತ್ತದೆ, ನೀರಿನದು ಅಷ್ಟು ಬೇಗ ಬದಲಾಗುವುದಿಲ್ಲ, ಮೊಸರಿನ ನಿಜವಾದ ಸ್ಥಿತಿಯನ್ನು ಅದೇ ತಿಳಿಸುತ್ತದೆ. ಅಮೆರಿಕದ ಕೃಷಿ ಇಲಾಖೆ ಹೇಳುವ ಮಿತಿ 40 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 4.4 ಡಿಗ್ರಿ ಸೆಲ್ಸಿಯಸ್. ಸಂಜೆ ಒಮ್ಮೆ, ಮಲಗುವ ಮೊದಲು ಒಮ್ಮೆ, ನಸುಕಿನಲ್ಲಿ ಒಮ್ಮೆ ಓದಿ, ಪಕ್ಕದಲ್ಲಿ ಬ್ಯಾಟರಿಯ ಮಟ್ಟವನ್ನೋ ಸಿಲಿಂಡರಿನ ತೂಕವನ್ನೋ ಬರೆದುಕೊಳ್ಳಿ. ಬೆಳಿಗ್ಗೆ ಆ ಲೋಟದ ನೀರು 4 ಡಿಗ್ರಿಯನ್ನು ದಾಟದೆ ಇದ್ದು, ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ, ಹಿಟ್ಟಿನ ಡಬ್ಬಿಯನ್ನು ಧೈರ್ಯವಾಗಿ ಒಳಗಿಡಬಹುದು.